ರಿಯಾದ್‌ನಿಂದ ಬಂದ ಮನ್ನಣೆ, ಮೆಟ್ಟಿಲಿಗೆ ಸರಿದ ಪಠಣ

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕನ್ನಡ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಶಿಲಾಬಾಲಿಕೆಯರ ಚಿತ್ರ ಹಾಕಿ ಸಂಭ್ರಮಿಸಿದವು. ಸಂಭ್ರಮಿಸಬೇಕಾದ ಸುದ್ದಿಯೇ ಅದು. ಆದರೆ ಆ ತೀರ್ಮಾನ ಕೈಗೊಂಡ ಸಭೆ ಎಲ್ಲಿ ಸೇರಿತ್ತು ಎಂಬುದನ್ನು ಹೆಚ್ಚಿನವರು ಗಮನಿಸಲಿಲ್ಲ. ಅದು ಸೇರಿದ್ದು ಸೌದಿ ಅರೇಬಿಯಾದ ರಾಜಧಾನಿ ರಿಯಾದ್‌ನಲ್ಲಿ, ಸೌದಿ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ. ಮಕ್ಕಾ ಮತ್ತು ಮದೀನಾಗಳಿರುವ ನಾಡಿನಲ್ಲಿ ಕುಳಿತು ಚೆನ್ನಕೇಶವ ಮತ್ತು ಹೊಯ್ಸಳೇಶ್ವರನ ಗುಡಿಗಳು ಇಡೀ ಮನುಕುಲದ ಆಸ್ತಿ ಎಂದು ಒಪ್ಪಿಕೊಳ್ಳಲಾಯಿತು. ಅದೇ ವರ್ಷ, ಅದಕ್ಕಿಂತ ಐದಾರು ತಿಂಗಳ ಹಿಂದೆ, ಬೇಲೂರಿನಲ್ಲಿ ಚೆನ್ನಕೇಶವನ ರಥದ ಮುಂದೆ ಖಾಝಿಯೊಬ್ಬರು ನಾಲ್ಕು ಮಾತು ಕುರ್‌ಆನ್ ಪಠಿಸಬಹುದೇ ಎಂಬುದು ಬೀದಿ ಜಗಳವಾಗಿತ್ತು. ಈ ಎರಡು ಸುದ್ದಿಗಳನ್ನು ಒಟ್ಟಿಗಿಟ್ಟು ನೋಡಬೇಕೆಂದು ನಮಗನಿಸುತ್ತದೆ.

ನಡೆದುದೇನು ಎಂಬುದನ್ನು ಮೊದಲು ನೆನಪಿಸಿಕೊಳ್ಳೋಣ. 2022ರ ಮಾರ್ಚ್ ತಿಂಗಳು ಕರ್ನಾಟಕದ ಮುಸ್ಲಿಮರ ಪಾಲಿಗೆ ಸಾಮಾನ್ಯ ತಿಂಗಳಾಗಿರಲಿಲ್ಲ. ಮಾರ್ಚ್ 11ಕ್ಕೆ 'ದಿ ಕಾಶ್ಮೀರ್ ಫೈಲ್ಸ್' ಬಿಡುಗಡೆಯಾಯಿತು; ಎರಡೇ ದಿನಗಳಲ್ಲಿ ಅಂದಿನ ಬೊಮ್ಮಾಯಿ ಸರಕಾರ ಅದಕ್ಕೆ ತೆರಿಗೆ ವಿನಾಯಿತಿ ಘೋಷಿಸಿತು. 15ರಂದು ಹಿಜಾಬ್ ಪ್ರಕರಣದಲ್ಲಿ ಹೈಕೋರ್ಟಿನ ತೀರ್ಪು ಬಂತು. 17ರಂದು ತೀರ್ಪಿನ ಬಗೆಗಿನ ನೋವನ್ನು ವ್ಯಕ್ತಪಡಿಸಲು ಮುಸ್ಲಿಮ್ ವ್ಯಾಪಾರಿಗಳು ಅಂಗಡಿ ಮುಚ್ಚಿದರು. ಅದನ್ನೇ ನೆಪವಾಗಿಸಿಕೊಂಡು ಕರಾವಳಿಯ ಜಾತ್ರೆಗಳಲ್ಲಿ ಅವರಿಗೆ ಅಂಗಡಿ ಕೊಡಬಾರದೆಂಬ ಕೂಗು ಎದ್ದಿತು. ಕಾಪುವಿನ ಮಾರಿಗುಡಿಯಿಂದ ಹೊರಟ ಆ ಕೂಗು ಘಟ್ಟ ಹತ್ತಿ ಬೇಲೂರಿಗೂ ಬಂತು. ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಾಗ ಸರಕಾರ ತೋರಿಸಿದ್ದು ಧಾರ್ಮಿಕ ದತ್ತಿ ನಿಯಮಗಳ 31(12)ನೆಯ ನಿಯಮವನ್ನು: ದೇವಾಲಯದ ಸಮೀಪದ ಜಾಗ, ಕಟ್ಟಡಗಳನ್ನು ಹಿಂದೂಯೇತರರಿಗೆ ಗುತ್ತಿಗೆಗೆ ಕೊಡುವಂತಿಲ್ಲ. ಆ ನಿಯಮ ರೂಪುಗೊಂಡದ್ದು 2002ರಲ್ಲಿ. ಆಗ ರಾಜ್ಯವನ್ನಾಳುತ್ತಿದ್ದುದು ಎಸ್.ಎಂ. ಕೃಷ್ಣರ ಕಾಂಗ್ರೆಸ್ ಸರಕಾರ. ಇದನ್ನು ನಮ್ಮ ಓದುಗರು ಚೆನ್ನಾಗಿ ನೆನಪಿಟ್ಟುಕೊಳ್ಳಲಿ. ಬೀಗ ತಯಾರಿಸಿಟ್ಟವರು ಒಬ್ಬರು, ಅದನ್ನು ಬಾಗಿಲಿಗೆ ಜಡಿದವರು ಮತ್ತೊಬ್ಬರು.

ಆ ವರ್ಷ ಬೇಲೂರಿನ ರಥೋತ್ಸವದಲ್ಲಿ ಕುರ್‌ಆನ್ ಪಠಣ ನಿಲ್ಲಲಿಲ್ಲ. ದೇವಾಲಯದ ರೂಢಿಗಳಲ್ಲಿ ಹಸ್ತಕ್ಷೇಪ ಸಲ್ಲದೆಂಬ ಕಾನೂನಿನ ಮಾತನ್ನು ಮುಜರಾಯಿ ಇಲಾಖೆ ಎತ್ತಿಹಿಡಿಯಿತು, ಪಠಣ ನಡೆಯಿತು, ತೇರು ಎಳೆಯಲಾಯಿತು. 2023ರಲ್ಲಿ, ವಿಧಾನಸಭಾ ಚುನಾವಣೆ ಬಾಗಿಲಲ್ಲಿ ನಿಂತಿದ್ದಾಗ, ಮತ್ತೆ ಪ್ರತಿಭಟನೆ. ಕೊನೆಗೆ ಪಠಣ ನಿಂತಿತು ಎನ್ನುವಂತೆಯೂ ಇಲ್ಲ, ನಡೆಯಿತು ಎನ್ನುವಂತೆಯೂ ಇಲ್ಲ. ರಥದ ಮುಂದಿದ್ದ ಅದು ದೇವಾಲಯದ ಮೆಟ್ಟಿಲ ಬಳಿಗೆ ಸರಿಯಿತು. ನಮ್ಮ ಆಡಳಿತಗಾರರ ಜಾಣ್ಮೆ ಎಂದರೆ ಇದು. ಹಕ್ಕನ್ನು ನಿರಾಕರಿಸುವುದಿಲ್ಲ, ಹತ್ತು ಮಾರು ಹಿಂದಕ್ಕೆ ತಳ್ಳುತ್ತಾರೆ.

ವಿರೋಧಿಸಿದವರ ವಾದ ಏನು? ಇದು ನಂತರ ಸೇರಿಕೊಂಡ ಪದ್ಧತಿ, ನಮ್ಮ ಗುಡಿಗಳನ್ನು ಒಡೆದವರ ಗ್ರಂಥವನ್ನು ನಮ್ಮ ದೇವರ ಮುಂದೆ ಏಕೆ ಓದಬೇಕು? ಮೊದಲ ಮಾತಿಗೆ ದಾಖಲೆಗಳಿವೆ, ಅವುಗಳನ್ನು ನೋಡಬಹುದು. 1932ರ ದೇವಾಲಯ ಕೈಪಿಡಿಯ ಬಗ್ಗೆ ಎರಡೂ ಕಡೆಯವರು ಮಾತಾಡಿದ್ದಾರೆ. ತಕರಾರಿನ ನಿಜವಾದ ಬೇರು ಇರುವುದು ಎರಡನೆಯ ಮಾತಿನಲ್ಲಿ. ಬೇಲೂರಿನ ಇಂದಿನ ಮುಸ್ಲಿಮ್ ಅಂಗಡಿಕಾರ, ಆಟೋ ಚಾಲಕ, ಕಾಫಿ ತೋಟದ ಕೂಲಿಯವನು 1311ರ ಲೆಕ್ಕ ಒಪ್ಪಿಸಬೇಕೆಂಬ ಬೇಡಿಕೆ ಅದು. ಆದ್ದರಿಂದ 1311ರಲ್ಲಿ ನಡೆದುದೇನೆಂದು ನಾವು ತಿಳಿದಿರಬೇಕಾಗುತ್ತದೆ. ಹಳೇಬೀಡಿಗೆ ಹೋದ ಪ್ರವಾಸಿಗರಿಗೆ ಮೂಗು ಮುರಿದ ಪ್ರತಿಯೊಂದು ಶಿಲ್ಪದ ಮುಂದೆಯೂ ಒಂದೇ ಹೆಸರು ಕೇಳಿಸುತ್ತದೆ. ಆ ಹೆಸರು ಮಲಿಕ್ ಕಾಫೂರ್.

ಕಾಫೂರ್ ಯಾರು? ಅವನು ಹುಟ್ಟು ಮುಸ್ಲಿಮನಲ್ಲ. 1299ರಲ್ಲಿ ಅಲಾವುದ್ದೀನ್ ಖಿಲ್ಜಿಯ ಸೈನ್ಯ ಗುಜರಾತಿನ ಮೇಲೆ ಬಿದ್ದಾಗ ಖಂಬಾತ್ ಬಂದರಿನಲ್ಲಿ ಸೆರೆಸಿಕ್ಕ ಗುಲಾಮ. ದಿಲ್ಲಿಯ ಅರಮನೆಯಲ್ಲಿ ಮೇಲೇರಿ ಸೇನಾನಿಯಾದ. 1310ರಲ್ಲಿ ಓರುಗಲ್ಲಿನ ಕಾಕತೀಯರಿಂದ ಕಪ್ಪ ವಸೂಲು ಮಾಡಿ, ಮರುವರ್ಷ ದೋರಸಮುದ್ರದತ್ತ ಬಂದ. ಅಂದರೆ ಇಂದಿನ ಹಳೇಬೀಡಿಗೆ. ಅವನು ಬಂದಾಗ ಹೊಯ್ಸಳ ದೊರೆ ಮುಮ್ಮಡಿ ವೀರಬಲ್ಲಾಳ ರಾಜಧಾನಿಯಲ್ಲಿರಲಿಲ್ಲ. ತಮಿಳುನಾಡಿನಲ್ಲಿ ಪಾಂಡ್ಯ ಸೋದರರಾದ ಸುಂದರ ಮತ್ತು ವೀರ ಪಾಂಡ್ಯರು ಸಿಂಹಾಸನಕ್ಕಾಗಿ ಕಾದಾಡುತ್ತಿದ್ದರು, ಆ ಜಗಳದ ಲಾಭ ಪಡೆಯಲು ಬಲ್ಲಾಳ ದಕ್ಷಿಣಕ್ಕೆ ಹೋಗಿದ್ದ. ಸುದ್ದಿ ತಿಳಿದು ಧಾವಿಸಿ ಬಂದ, ಶರಣಾದ, ಆನೆ ಕುದುರೆ ಸಂಪತ್ತನ್ನು ಒಪ್ಪಿಸಿದ. ಇಷ್ಟು ಎಲ್ಲರೂ ಹೇಳುತ್ತಾರೆ. ಆಮೇಲಿನದನ್ನು ಯಾರೂ ಹೇಳುವುದಿಲ್ಲ. ಅದೇ ಬಲ್ಲಾಳ ಅದೇ ಕಾಫೂರನ ಸೈನ್ಯಕ್ಕೆ ಪಾಂಡ್ಯರ ನಾಡಿಗೆ ದಾರಿ ತೋರಿಸಿದ. ಹಿಂದೂ ಅರಸನೊಬ್ಬ ದಿಲ್ಲಿಯ ಸೇನೆಯನ್ನು ಮತ್ತೊಬ್ಬ ಹಿಂದೂ ಅರಸನ ಮೇಲೆ ಕರೆದುಕೊಂಡು ಹೋದುದನ್ನು ಧರ್ಮಯುದ್ಧವೆಂಬ ಚೌಕಟ್ಟಿನಲ್ಲಿ ಹೇಗೆ ಕೂಡಿಸುವುದು? ಆ ಕಾಲದ ಅರಸರು ಧರ್ಮಕ್ಕಾಗಿ ಹೋರಾಡುತ್ತಿದ್ದರೆನ್ನುವುದಕ್ಕಿಂತ ಖಜಾನೆಗಾಗಿ ಹೋರಾಡುತ್ತಿದ್ದರೆನ್ನುವುದೇ ಸರಿ. ಕಾಫೂರನ ಕೊನೆಯೂ ಅಂಥದ್ದೇ. 1316ರಲ್ಲಿ ಸುಲ್ತಾನ ತೀರಿಕೊಂಡ ಮೇಲೆ ಅಧಿಕಾರಕ್ಕಾಗಿ ಸುಲ್ತಾನನ ಮಕ್ಕಳ ಕಣ್ಣುಗಳನ್ನೇ ಕೀಳಿಸಿದ, ಕೆಲವೇ ವಾರಗಳಲ್ಲಿ ಅರಮನೆಯ ಕಾವಲುಗಾರರ ಕೈಯಲ್ಲಿ ಹತನಾದ. ಇಂಥವನನ್ನು ತಮ್ಮ ಹಿರಿಯನೆಂದು ಒಪ್ಪಿಕೊಳ್ಳಲು ಅರಸೀಕೆರೆಯ ಯಾವ ಮುಸ್ಲಿಮ್ ಕುಟುಂಬಕ್ಕೆ ಏನು ಹಂಗಿದೆ?

ಬಲ್ಲಾಳ ಮತ್ತೆ ಮೂವತ್ತು ವರ್ಷ ಆಳಿದ. ಮದುರೆಯಲ್ಲಿ ಹುಟ್ಟಿಕೊಂಡ ಸುಲ್ತಾನರ ವಿರುದ್ಧ ಕೊನೆಯವರೆಗೂ ಕಾದಾಡಿದ. ಅವನ ಸೈನ್ಯದ ಬಗ್ಗೆ ಒಂದು ಸ್ವಾರಸ್ಯದ ಸಂಗತಿಯನ್ನು ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ದಾಖಲಿಸಿದ್ದಾನೆ. ಬಲ್ಲಾಳನ ಲಕ್ಷ ಸೈನಿಕರೊಂದಿಗೆ ಸುಮಾರು 20 ಸಾವಿರ ಮುಸ್ಲಿಮರೂ ಇದ್ದರಂತೆ. ಅವರನ್ನು ಪುಂಡರು, ಓಡಿಹೋದ ಗುಲಾಮರು ಎಂದು ಇಬ್ನ್ ಬತೂತ ಬಯ್ಯುತ್ತಾನೆ. ಬಯ್ಯಲಿ. ಹೊಯ್ಸಳರ ಕೊನೆಯ ದೊಡ್ಡ ದೊರೆ ಮುಸ್ಲಿಮ್ ಸುಲ್ತಾನನ ವಿರುದ್ಧ ಮುಸ್ಲಿಮ್ ಸಿಪಾಯಿಗಳನ್ನು ಕಟ್ಟಿಕೊಂಡು ಹೋರಾಡಿದನೆಂಬುದು ಅವನ ಬಯ್ಗುಳದಲ್ಲಿಯೇ ಉಳಿದುಕೊಂಡಿದೆ. ಈ ಸಾಲನ್ನು ಹಳೇಬೀಡಿನಲ್ಲಿ ಯಾವ ಮಾರ್ಗದರ್ಶಿಯ ಬಾಯಲ್ಲೂ ನಾವು ಕೇಳಿಲ್ಲ.

ಹಾಗಂತ ಎಲ್ಲವನ್ನೂ ತೊಳೆದು ಬಿಳಿ ಮಾಡುವ ಹುಮ್ಮಸ್ಸು ನಮಗಿಲ್ಲ. ನಮ್ಮಲ್ಲಿ ಕೆಲವರಿಗೆ ಆ ಚಟವಿದೆ. ಮುಸ್ಲಿಮ್ ಹೆಸರಿನ ದೊರೆ ಎಂದರೆ ಸಾಕು, ಅವನನ್ನು ಖಲೀಫ ಉಮರ್(ರ)ರ ಪಕ್ಕದಲ್ಲಿ ಕೂರಿಸಲು ಹೊರಡುತ್ತಾರೆ. ದೋರಸಮುದ್ರ ಸೂರೆಹೋದುದು ನಿಜ. ತುಘಲಕನ ಕಾಲದಲ್ಲಿ ಇನ್ನೊಮ್ಮೆ ದಾಳಿಯಾಗಿ ಆ ನಗರ ಮತ್ತೆ ತಲೆಯೆತ್ತದೆ ಹಾಳುಬಿದ್ದು 'ಹಳೆಯ ಬೀಡು' ಆದುದು ನಿಜ. ಬೇಲೂರಿನ ಮಹಾದ್ವಾರವನ್ನು ಗಂಗಸಾಲಾರನೆಂಬ ತುರುಕ ಸರದಾರ ಸುಟ್ಟುದನ್ನೂ, ಎರಡನೇ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಅದನ್ನು ಮತ್ತೆ ಕಟ್ಟಿಸಿದುದನ್ನೂ ಶಾಸನ ಹೇಳುತ್ತದೆ. ಮದುರೆಯ ಸುಲ್ತಾನ ಗಿಯಾಸುದ್ದೀನ್ ವಯೋವೃದ್ಧ ಬಲ್ಲಾಳನನ್ನು ಸೆರೆಹಿಡಿದು ಕೊಂದು, ಅವನ ಚರ್ಮ ಸುಲಿಸಿ ಹುಲ್ಲು ತುಂಬಿಸಿ ಕೋಟೆಗೆ ತೂಗುಹಾಕಿದ. ಅದನ್ನು ಕಣ್ಣಾರೆ ಕಂಡೆನೆಂದು ಬರೆದವನೂ ಇಬ್ನ್ ಬತೂತನೇ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಈ ಗಿಯಾಸುದ್ದೀನ್ ಇಬ್ನ್ ಬತೂತನಿಗೆ ಷಡ್ಡಕ. ಇಬ್ಬರೂ ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾಗಿದ್ದರು. ಪ್ರವಾಸಿ ಅವನ ಅತಿಥಿಯಾಗಿದ್ದ, ಅವನ ಉಪ್ಪುಂಡಿದ್ದ. ಸೆರೆಸಿಕ್ಕ ಹಿಂದೂ ಗಂಡಸರನ್ನಷ್ಟೇ ಅಲ್ಲ, ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲಿಸಿದ ಆ ಸುಲ್ತಾನನ ಕೃತ್ಯವನ್ನು ಅವನು ಮುಚ್ಚಿಡಲಿಲ್ಲ. ಇಂಥ ಹೇಸಿಗೆಯನ್ನು ಯಾವ ಅರಸನೂ ಮಾಡಿದುದು ತನಗೆ ಗೊತ್ತಿಲ್ಲವೆಂದೂ, ಇದಕ್ಕಾಗಿಯೇ ಅಲ್ಲಾಹನು ಅವನ ಮರಣವನ್ನು ಬೇಗ ತಂದನೆಂದೂ ದಾಖಲಿಸಿದ. ದಿಲ್ಲಿಯಲ್ಲೂ ಮಾಲ್ದೀವ್ಸ್‌ನಲ್ಲೂ ಖಾಝಿಯಾಗಿದ್ದವನು ಆತ. ಸ್ವಂತದವರ ವಿರುದ್ಧವಾದರೂ ಸರಿ, ಸಾಕ್ಷ್ಯ ನ್ಯಾಯದ್ದಾಗಿರಬೇಕು ಎಂಬ ಕುರ್‌ಆನಿನ ಪಾಠವನ್ನು ಖಾಝಿಗಳಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಆರೂವರೆ ಶತಮಾನಗಳ ಹಿಂದೆಯೇ ಮುಸ್ಲಿಮ್ ವಿದ್ವಾಂಸನೊಬ್ಬ ಇಷ್ಟು ಸ್ಪಷ್ಟವಾಗಿ ಹೇಳಿರುವಾಗ, ಇಂದು ನಮ್ಮ ಯುವಕರು ಮೊಬೈಲಿನಲ್ಲಿ ಖಿಲ್ಜಿಯ ಪರವಾಗಿ ವಕಾಲತ್ತು ವಹಿಸುವುದು ಯಾವ ಪುರುಷಾರ್ಥಕ್ಕೆ?

ಗುಡಿ ಸುಡುವುದು, ಮೂರ್ತಿ ಹೊತ್ತೊಯ್ಯುವುದು ಒಂದೇ ಧರ್ಮದವರ ಗುತ್ತಿಗೆಯಾಗಿತ್ತೇ? ಹನ್ನೊಂದನೇ ಶತಮಾನದಲ್ಲಿ ಚೋಳ ರಾಜಾಧಿರಾಜ ಚಾಲುಕ್ಯರ ಕಲ್ಯಾಣವನ್ನು ಸುಟ್ಟು ಅಲ್ಲಿಂದ ದ್ವಾರಪಾಲಕನ ವಿಗ್ರಹವನ್ನು ಕೊಂಡೊಯ್ದ. ಹಾಗೆಂದು ವಿಗ್ರಹದ ಪೀಠದ ಮೇಲೆಯೇ ಬರೆಸಿದ್ದಾನೆ. ಹಾಸನಕ್ಕೆ ಹತ್ತಿರದ ಉದಾಹರಣೆ ಬೇಕಿದ್ದರೆ ಶೃಂಗೇರಿಯಿದೆ. 1791ರಲ್ಲಿ ಆ ಮಠವನ್ನು ದೋಚಿದ್ದು ಪರಶುರಾಮ ಭಾವುವಿನ ಮರಾಠಾ ದಂಡಿನ ಸವಾರರು. ಅದರ ಜೀರ್ಣೋದ್ಧಾರಕ್ಕೆ ನೆರವು ಕಳಿಸಿದ್ದು ಟಿಪ್ಪು ಸುಲ್ತಾನ್. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್. ಇದಕ್ಕಾಗಿ ಇಂದಿನ ಮರಾಠಿಗರನ್ನು ಯಾರಾದರೂ ಜಾತ್ರೆಯಿಂದ ಹೊರಗಿಟ್ಟಿದ್ದಾರೆಯೇ? ಇಡಬಾರದು ಕೂಡ. ನಮ್ಮ ಪ್ರಶ್ನೆ ಇಷ್ಟೇ, ಅಳತೆಗೋಲು ಒಂದೇ ಇರಲಿ.

ಇನ್ನು ಸಿನಿಮಾದ ವಿಚಾರ. ಚರಿತ್ರೆಯನ್ನು ಜನ ಪುಸ್ತಕದಿಂದ ಕಲಿಯುವ ಕಾಲ ಮುಗಿದಿದೆ ಎಂದು ಕೊರಗುವವರಿದ್ದಾರೆ. ನಿಜ ಹೇಳಬೇಕೆಂದರೆ ಅಂಥ ಕಾಲ ಎಂದೂ ಇರಲೇ ಇಲ್ಲ. ಬೇಲೂರು ಯಾರು ಕಟ್ಟಿದ್ದೆಂದು ಯಾರನ್ನಾದರೂ ಕೇಳಿ ನೋಡಿ. ಜಕಣಾಚಾರಿ ಎನ್ನುತ್ತಾರೆ. 1964ರಲ್ಲಿ ಬಿ.ಎಸ್. ರಂಗಾ ನಿರ್ದೇಶಿಸಿದ, ಕಲ್ಯಾಣ್‌ಕುಮಾರ್ ಮತ್ತು ಬಿ. ಸರೋಜಾದೇವಿ ಅಭಿನಯದ 'ಅಮರಶಿಲ್ಪಿ ಜಕಣಾಚಾರಿ' ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಜನರ ಬಾಯಲ್ಲಿದ್ದ ಕಥೆಗೆ ಅದು ಬಣ್ಣ ತುಂಬಿತು. ಆದರೆ ಬೇಲೂರಿನ ಶಿಲ್ಪಗಳ ಮೇಲೆ ಕೊರೆದಿರುವ ಹೆಸರುಗಳು ಬೇರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಂಥವರು. ಜಕಣಾಚಾರಿಯ ಹೆಸರು ಅಲ್ಲಿನ ಶಾಸನಗಳಲ್ಲಿಲ್ಲ. ಇದ್ದ ದಾಸೋಜನನ್ನು ಜನ ಮರೆತರು, ಇಲ್ಲದ ಜಕಣನ ಹೆಸರಿನಲ್ಲಿ ಸರಕಾರ ಶಿಲ್ಪಿಗಳಿಗೆ ಪ್ರಶಸ್ತಿ ಕೊಡುತ್ತದೆ. ಇದರಿಂದ ಯಾರಿಗೂ ನೋವಾಗಿಲ್ಲ, ಆಗಲಿ ಬಿಡಿ. ಕಪ್ಪೆಯ ಕಥೆ ಕೇಳಿ ಮಕ್ಕಳು ಕಣ್ಣರಳಿಸಿದರೆ ನಮಗೂ ಸಂತೋಷವೇ.

ಆದರೆ ಇಲ್ಲದ ಸಾಧುವನ್ನು ಸೃಷ್ಟಿಸಬಲ್ಲ ಪರದೆ ಇಲ್ಲದ ರಾಕ್ಷಸನನ್ನೂ ಸೃಷ್ಟಿಸಬಲ್ಲುದು. 2018ರ 'ಪದ್ಮಾವತ್' ಚಿತ್ರದಲ್ಲಿ ಖಿಲ್ಜಿ ಮಾಂಸ ಹರಿದು ತಿನ್ನುವ ಕಾಡುಪ್ರಾಣಿಯಾದ, ಕಾಫೂರ್ ಅವನ ನೆರಳಾದ. ಖಿಲ್ಜಿ ಸಂತನಲ್ಲ, ಚಿಕ್ಕಪ್ಪನೂ ಮಾವನೂ ಆಗಿದ್ದ ಸುಲ್ತಾನನನ್ನೇ ಕೊಲ್ಲಿಸಿ ಪಟ್ಟವೇರಿದವನು. ಆದರೆ ದಿಲ್ಲಿಯ ಪೇಟೆಯಲ್ಲಿ ಧಾನ್ಯದ ಬೆಲೆ ಕಟ್ಟುನಿಟ್ಟು ಮಾಡಿದ, ಮಂಗೋಲರನ್ನು ತಡೆದು ನಿಲ್ಲಿಸಿದ ಆಡಳಿತಗಾರ ಆ ಪರದೆಯಲ್ಲಿ ಎಲ್ಲಿಯೂ ಕಾಣಸಿಗಲಿಲ್ಲ. ಚಿತ್ತೋರಿನ ಮುತ್ತಿಗೆ ನಡೆದುದು 1303ರಲ್ಲಿ, ಪದ್ಮಾವತಿಯ ಕಾವ್ಯ ಬರೆದುದು 1540ರಲ್ಲಿ, ಬರೆದವನು ಮಲಿಕ್ ಮುಹಮ್ಮದ್ ಜಾಯಸಿ ಎಂಬ ಸೂಫಿ ಕವಿ. ವಿಪರ್ಯಾಸವೆಂದರೆ ಚಿತ್ರದ ವಿರುದ್ಧ ಬಸ್ಸುಗಳಿಗೆ ಕಲ್ಲೆಸೆದವರು ಮುಸ್ಲಿಮರಲ್ಲ. 2025ರಲ್ಲಿ 'ಛಾವಾ' ಬಂತು. ಮಾರ್ಚ್ 17ರಂದು ನಾಗಪುರದಲ್ಲಿ ಔರಂಗಜೇಬನ ಗೋರಿಯ ಹೆಸರಿನಲ್ಲಿ ಹಿಂಸಾಚಾರ ನಡೆದಾಗ, ಜನರ ಭಾವನೆ ಕೆರಳಲು ಆ ಚಿತ್ರವೂ ಕಾರಣವೆಂದು ಮಹಾರಾಷ್ಟ್ರದ ಮುಖ್ಯಮಂತ್ರಿಯೇ ಸದನದಲ್ಲಿ ಹೇಳಿದರು. ಮುನ್ನೂರು ವರ್ಷಗಳ ಹಿಂದೆ ಸತ್ತವನ ಸಿಟ್ಟಿಗೆ ಬೀದಿಯಲ್ಲಿ ಬೆಲೆ ತೆತ್ತವರು ಇಂದು ಬದುಕಿರುವವರು.

ಪರದೆಯ ಇನ್ನೊಂದು ಮಗ್ಗುಲೂ ಇದೆ, ಅದು ಅರಸೀಕೆರೆಗೆ ಸಂಬಂಧಿಸಿದ್ದು. ಅರಸೀಕೆರೆ ತಾಲೂಕಿನ ಕಾಳೇನಹಳ್ಳಿಯ ನಟ ಧನಂಜಯ 2023ರಲ್ಲಿ 'ಡೇರ್‌ಡೆವಿಲ್ ಮುಸ್ತಾಫಾ' ಚಿತ್ರವನ್ನು ಅರ್ಪಿಸಿದರು. ಪೂರ್ಣಚಂದ್ರ ತೇಜಸ್ವಿಯವರ ಕಥೆ. ತೇಜಸ್ವಿಯವರ ಓದುಗರೇ ಕೈಯಿಂದ ಹಣ ಹಾಕಿ ಮಾಡಿದ ಚಿತ್ರ. ಮಲೆನಾಡಿನ ಸಣ್ಣ ಊರಿನ ಕಾಲೇಜಿಗೆ ಬರುವ ಮುಸ್ಲಿಮ್ ಹುಡುಗ, ಅವನನ್ನು ಕಂಡು ಗಾಬರಿಯಾಗುವ ಸಹಪಾಠಿಗಳು, ಕ್ರಿಕೆಟ್. ಅದರಲ್ಲಿ ಭಾಷಣವಿಲ್ಲ, ಭಯೋತ್ಪಾದಕನಿಲ್ಲ, ದೇಶಭಕ್ತಿ ಸಾಬೀತುಪಡಿಸಲು ಗುಂಡಿಗೆ ಎದೆಯೊಡ್ಡುವ ಮುಸ್ಲಿಮನೂ ಇಲ್ಲ. ತಮಾಷೆಯ ಹುಡುಗನೊಬ್ಬನಿದ್ದಾನೆ, ಅಷ್ಟೇ. ಹೊಸ ಸರಕಾರ ಈ ಚಿತ್ರಕ್ಕೂ ತೆರಿಗೆ ವಿನಾಯಿತಿ ಕೊಟ್ಟಿತು. ಒಂದೇ ರಾಜ್ಯ, ಹದಿನಾಲ್ಕು ತಿಂಗಳ ಅಂತರದಲ್ಲಿ ತೆರಿಗೆ ವಿನಾಯಿತಿ ಪಡೆದ ಎರಡು ಚಿತ್ರಗಳು. ಇವೆರಡರಲ್ಲಿ ನಮ್ಮ ಮನೆಗಳಲ್ಲಿ ಹೆಚ್ಚು ಚರ್ಚೆಯಾದುದು ಯಾವುದು ಎಂದು ಓದುಗರು ತಮ್ಮನ್ನೇ ಕೇಳಿಕೊಳ್ಳಬಹುದು. ನಮ್ಮನ್ನು ಅವಮಾನಿಸಿದ್ದನ್ನು ನಾವು ಹತ್ತು ಮಂದಿಗೆ ಹಂಚುತ್ತೇವೆ. ನಮ್ಮನ್ನು ಮನುಷ್ಯರೆಂದು ಕಂಡವರಿಗೆ ಒಂದು ಟಿಕೆಟಿನ ಹಣವನ್ನೂ ಕೊಡುವುದಿಲ್ಲ.

ಮತ್ತೆ ಬೇಲೂರಿಗೆ ಬರೋಣ. ರಥದ ಮುಂದಿನ ಪಠಣದ ಬಗ್ಗೆ ನಮ್ಮೊಳಗೇ ಎರಡು ಅಭಿಪ್ರಾಯಗಳಿವೆಯೆಂಬುದನ್ನು ಮರೆಮಾಚಬೇಕಿಲ್ಲ. ಮಸೀದಿಗಳ ಜಗಲಿಯಲ್ಲಿ ಈ ಪ್ರಶ್ನೆ ಕೇಳಿಬಂದಿದೆ: ತೌಹೀದ್‌ನಲ್ಲಿ ನಂಬಿಕೆಯಿರುವ ಖಾಝಿಗೆ ದೇವಸ್ಥಾನದ ತೇರಿನ ಮುಂದೆ ಏನು ಕೆಲಸ? ಗಂಭೀರ ಪ್ರಶ್ನೆಯೇ. ಆರಾಧನೆ ಅಲ್ಲಾಹನಿಗೆ ಮಾತ್ರ ಎಂಬಲ್ಲಿ ನಮಗೆ ಯಾವ ರಾಜಿಯೂ ಇಲ್ಲ. ಆದರೆ ಖಾಝಿ ಅಲ್ಲಿ ಮೂರ್ತಿಗೆ ಪೂಜೆ ಸಲ್ಲಿಸುವುದಿಲ್ಲ. ಊರ ಜನ ಸೇರಿದ ಕಡೆ ಅಲ್ಲಾಹನ ವಚನವನ್ನು ಓದುತ್ತಾರೆ. ಊರು ಆತನನ್ನು ಗೌರವದಿಂದ ಕರೆಯುತ್ತದೆ, ಆತ ಗೌರವದಿಂದ ಹೋಗುತ್ತಾನೆ. ನಜ್ರಾನಿನ ಕ್ರೈಸ್ತರ ನಿಯೋಗವನ್ನು ಪ್ರವಾದಿ(ಸ)ಯವರು ತಮ್ಮ ಮಸೀದಿಯಲ್ಲಿಯೇ ಬರಮಾಡಿಕೊಂಡರೆಂದು ಸೀರಾ ಗ್ರಂಥಗಳನ್ನು ಓದಿದವರಿಗೆ ತಿಳಿದಿದೆ. ನೆರೆಯವರೊಂದಿಗಿನ ಮರ್ಯಾದೆಯನ್ನೂ ವಿಶ್ವಾಸದ ಸತ್ವವನ್ನೂ ಬೇರೆಬೇರೆಯಾಗಿ ಕಾಣುವ ವಿವೇಕ ನಮ್ಮ ಉಲೆಮಾಗಳಿಗಿದೆ. ಭಿನ್ನಾಭಿಪ್ರಾಯವಿದ್ದರೆ ಅದನ್ನು ವಿದ್ವಾಂಸರು ಕುಳಿತು ಇತ್ಯರ್ಥಪಡಿಸಿಕೊಳ್ಳಲಿ. ಘೋಷಣೆ ಕೂಗುವ ಗುಂಪು ಅದನ್ನು ತೀರ್ಮಾನಿಸುವಂತಾಗಬಾರದು. ಆ ಗುಂಪಿಗೆ ಉತ್ತರವಾಗಿ ನಮ್ಮ ಹುಡುಗರು ಪ್ರತಿ ಘೋಷಣೆ ಕೂಗುವುದರಿಂದ ಕುರ್‌ಆನಿನ ಗೌರವ ಹೆಚ್ಚುವುದೂ ಇಲ್ಲ.

ಇದೇ ಹಾಸನ ಜಿಲ್ಲೆಯವರಾದ ಬಾನು ಮುಷ್ತಾಕ್ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದರು. ಅವರು ಮೈಸೂರು ದಸರಾ ಉದ್ಘಾಟಿಸಬಾರದೆಂದು ಸುಪ್ರೀಮ್ ಕೋರ್ಟಿನವರೆಗೂ ಹೋದವರಿದ್ದರು. ಅರ್ಜಿ ವಜಾ ಆಯಿತು, ಸೆಪ್ಟೆಂಬರ್ 22ರಂದು ಅವರು ಉದ್ಘಾಟಿಸಿದರು. ಆಗ ನಮ್ಮವರೆಲ್ಲ ಅವರ ಪರವಾಗಿ ನಿಂತರು, ಒಳ್ಳೆಯದೇ ಆಯಿತು. ಆದರೆ 2000ನೇ ಇಸವಿಯಲ್ಲಿ ಮಹಿಳೆಯರ ಮಸೀದಿ ಪ್ರವೇಶದ ಪರವಾಗಿ ಮಾತಾಡಿದ್ದಕ್ಕಾಗಿ ಇದೇ ಮಹಿಳೆಗೆ ಬಹಿಷ್ಕಾರ ಹಾಕಿದವರು ಸಂಘಪರಿವಾರದವರಾಗಿರಲಿಲ್ಲ. ಅವರ 'ಕರಿ ನಾಗರಗಳು' ಕಥೆಯನ್ನು ಗಿರೀಶ್ ಕಾಸರವಳ್ಳಿ 'ಹಸೀನಾ' ಎಂಬ ಚಿತ್ರ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯ ಕೇಳುವ ಕಥೆಯದು. ಆ ಚಿತ್ರದ ಮುತವಲ್ಲಿಯನ್ನು ಕಂಡು ಸಿಟ್ಟಾದವರು, ತಮ್ಮ ಮೊಹಲ್ಲಾದಲ್ಲಿ ಅಂಥ ಎಷ್ಟು ಹಸೀನಾಗಳಿದ್ದಾರೆಂದು ಎಣಿಸುವ ಗೋಜಿಗೆ ಹೋಗಲಿಲ್ಲ. ಅನ್ಯರು ನಮ್ಮ ಬಗ್ಗೆ ಮಾಡುವ ಚಿತ್ರ ಸುಳ್ಳಾದಾಗ ಪ್ರತಿಭಟಿಸುವ ನೈತಿಕ ಹಕ್ಕು, ನಿಜವಾದಾಗ ತಲೆತಗ್ಗಿಸುವವರಿಗೆ ಮಾತ್ರ ಸಿಗುತ್ತದೆ.

ರಾಜಕೀಯದ ಮಾತನ್ನು ಚುಟುಕಾಗಿ ಹೇಳುತ್ತೇವೆ. ಹಾಸನ ಜಿಲ್ಲೆಯ ಮುಸ್ಲಿಮರು ಬಹುಕಾಲ ಜಾತ್ಯತೀತ ಜನತಾದಳವನ್ನು ಮನೆಯ ಪಕ್ಷವೆಂದೇ ತಿಳಿದಿದ್ದರು. ದೇವೇಗೌಡರ ಕಾಲದ ಮೀಸಲಾತಿಯ ಋಣವೂ ಅದರಲ್ಲಿತ್ತು. ಯುನೆಸ್ಕೋ ಮನ್ನಣೆ ಬಂದ ನಾಲ್ಕನೇ ದಿನಕ್ಕೆ, 2023ರ ಸೆಪ್ಟೆಂಬರ್ 22ರಂದು, ಆ ಪಕ್ಷ ಬಿಜೆಪಿಯ ಮೈತ್ರಿಕೂಟ ಸೇರಿತು. ಹೆಸರಿನಲ್ಲಿ 'ಜಾತ್ಯತೀತ' ಮಾತ್ರ ಹಾಗೇ ಉಳಿದಿದೆ. ಉಳಿದ ಪಕ್ಷದವರು ಇದನ್ನು ತೋರಿಸಿ ನಗುವ ಮೊದಲು 31(12)ನೆಯ ನಿಯಮವನ್ನು ಬರೆದವರು ಯಾರೆಂದು ನೆನೆಯಲಿ.

ಮುಜರಾಯಿ ಇಲಾಖೆಯಿಂದ ನಾವು ಬಯಸುವುದು ದೊಡ್ಡದೇನಲ್ಲ. ಬೇಲೂರಿನ ರೂಢಿ ಯಾವುದು, ಪಠಣದ ಸ್ಥಳ ಯಾವುದು, ಜಾತ್ರೆಯ ಬೀದಿಯಲ್ಲಿ ಅಂಗಡಿ ಹಾಕಲು ಯಾರಿಗೆ ಹಕ್ಕಿದೆ ಎಂಬುದನ್ನು ದಾಖಲೆಗಳ ಆಧಾರದಲ್ಲಿ ಲಿಖಿತವಾಗಿ ಹೇಳಲಿ. ಪ್ರತಿ ಚೈತ್ರದಲ್ಲೂ ಪೊಲೀಸ್ ವ್ಯಾನುಗಳ ನಡುವೆ ಅದನ್ನು ಹೊಸದಾಗಿ ತೀರ್ಮಾನಿಸುವ ಪರಿಪಾಠ ನಿಲ್ಲಲಿ. ಹಳೇಬೀಡಿನಲ್ಲಿ ಮಾರ್ಗದರ್ಶಿಗಳಿಗೆ ಪರವಾನಗಿ ಕೊಡುವವರು ಶಾಸನಗಳಲ್ಲಿರುವ ಚರಿತ್ರೆಯನ್ನೂ ಅವರಿಗೆ ಕಲಿಸಲಿ.

ಪೋಷಕರಲ್ಲಿ ಒಂದು ವಿನಂತಿ. ಅರಸೀಕೆರೆಯಲ್ಲಿಯೇ 1220ರ ಈಶ್ವರ ದೇವಾಲಯವಿದೆ. ರೈಲು ನಿಲ್ದಾಣಕ್ಕೆ ನಿತ್ಯ ಹೋಗಿಬರುವ ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಅದರ ನಕ್ಷತ್ರಾಕಾರದ ಮಂಟಪವನ್ನು ಕಂಡಿಲ್ಲ. ಬೇಲೂರಿನಿಂದ ಹಳೇಬೀಡಿಗೆ ಹದಿನಾರು ಕಿಲೋಮೀಟರ್, ಬಸ್ಸುಗಳು ಧಾರಾಳವಾಗಿವೆ. ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದೊಯ್ದು ಹೊಯ್ಸಳೇಶ್ವರವನ್ನೂ ಪಕ್ಕದ ಪಾರ್ಶ್ವನಾಥ ಬಸದಿಯನ್ನೂ ತೋರಿಸಿ. ವಿಷ್ಣುವರ್ಧನ ವೈಷ್ಣವನಾದ, ಅವನ ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು ಎಂದು ಹೇಳಿ. ಕಾಫೂರನ ಹೆಸರು ಬಂದಾಗ ಮಗು ನಿಮ್ಮ ಮುಖ ನೋಡುತ್ತದೆ. ಆಗ ಇಬ್ನ್ ಬತೂತ ತನ್ನ ಷಡ್ಡಕನ ಬಗ್ಗೆ ಬರೆದುದನ್ನೂ, ಬಲ್ಲಾಳನ ಸೈನ್ಯದಲ್ಲಿದ್ದ ಆ 20 ಸಾವಿರ ಮಂದಿಯ ಕಥೆಯನ್ನೂ ಹೇಳಿ.